ಡೀಸೆಲ್‌ನಿಂದ ನೀರು ಬಿಡಿಸುವ ಕೈಪಿಡಿ: ನಾಲ್ಕು ತಾಲ್ಲೂಕುಗಳಿಗೆ ಮಾತ್ರ

ಅಭಿನಂದನೆಗಳು. ನಿಮ್ಮ ಪಿಕಪ್ಪಿಗೆ ದೊಡ್ಡ ಡೀಸೆಲ್ ಫಿಲ್ಟರ್, ಜೊತೆಗೊಂದು ವಾಟರ್ ಸೆಪರೇಟರ್ ಹಾಕಿಸಿಯೇ ಬಿಡುವುದೆಂದು ತೀರ್ಮಾನಿಸಿದ್ದೀರಿ. ಜನ ಸಾಮಾನ್ಯವಾಗಿ ಈ ತೀರ್ಮಾನಕ್ಕೆ ಬರುವುದು ಜುಲೈ ತಿಂಗಳಲ್ಲಿ, ಅಣಶಿ ಘಟ್ಟದ ಏರಿನಲ್ಲಿ, ಹಿಂದೆ ಲೋಡಿರುವಾಗ. ಆಗ ಕೈಪಿಡಿ ಓದುವ ಮನಸ್ಥಿತಿ ಯಾರಿಗೂ ಇರುವುದಿಲ್ಲ. ಆದ್ದರಿಂದ ಈಗಲೇ ಓದಿಕೊಳ್ಳಿ.

ಇದು ಯಾವ ಗಾಡಿಗಳಿಗೆ ಅನ್ವಯ: ಹಳಿಯಾಳದ ಕಬ್ಬಿನ ಗದ್ದೆಗೆ ಗೊಬ್ಬರದ ಚೀಲ ಹೊರುವವು, ಮುಂಡಗೋಡದಲ್ಲಿ ಗೋವಿನಜೋಳ ತುಂಬಿಕೊಂಡು ಟಿಬೆಟನ್ ಕ್ಯಾಂಪಿನ ದಾರಿಯಲ್ಲಿ ಓಡುವವು, ದಾಂಡೇಲಿಯಿಂದ ಗಣೇಶಗುಡಿಗೆ ಬೆನ್ನ ಮೇಲೆ ರಾಫ್ಟ್ ಕಟ್ಟಿಕೊಂಡು ಹೋಗುವವು, ಜೋಯಿಡಾದ ಒಳಹಳ್ಳಿಗಳಿಂದ ಗಡ್ಡೆಗೆಣಸು ತರುವವು. ಬೇರೆ ತಾಲ್ಲೂಕಿನವರು ಓದಿದರೆ ಅಡ್ಡಿಯಿಲ್ಲ, ಆದರೆ ಅಷ್ಟು ಮಳೆಯನ್ನು ನೀವೇ ಹೊಂದಿಸಿಕೊಳ್ಳಬೇಕು.

ಎದುರಾಳಿಯ ಪರಿಚಯ. ಎದುರಾಳಿ ನೀರು. ಈ ಸೀಮೆಯಲ್ಲಿ ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಸೂಪಾ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ತಾಲ್ಲೂಕು ಕೇಂದ್ರವನ್ನೇ ಮುಳುಗಿಸಿ, ಕಚೇರಿಯನ್ನು ಜೋಯಿಡಾಕ್ಕೆ ಕಳಿಸಿದ ನೀರು ಇದು. ನಿಮ್ಮ ಟ್ಯಾಂಕಿನ ಮುಚ್ಚಳ ಅದಕ್ಕೆ ಯಾವ ಲೆಕ್ಕ? ಸಮಾಧಾನದ ಸಂಗತಿ ಒಂದೇ: ಡೀಸೆಲ್‌ನ ಸಾಂದ್ರತೆ ಸುಮಾರು 0.82ರಿಂದ 0.845, ನೀರಿನದು 1. ಹಾಗಾಗಿ ಸುಮ್ಮನೆ ಬಿಟ್ಟರೆ ನೀರು ತಾನಾಗಿ ತಳಕ್ಕೆ ಇಳಿಯುತ್ತದೆ. ಸುಮ್ಮನೆ ಬಿಡುವವರು ಯಾರು ಎಂಬುದೇ ತೊಂದರೆ.

ಹಿಂದೆ ನೀರಿಗೆ ಇಷ್ಟು ಹೆದರಬೇಕಿರಲಿಲ್ಲ ಎಂದು ಹಳೆಯ ಡ್ರೈವರುಗಳು ಹೇಳುತ್ತಾರೆ. ಅವರ ಮಾತು ನಿಜ. ಬೆಂಗಳೂರಿನ ಆಡುಗೋಡಿಯ ಮೈಕೋ, ಅಂದರೆ 1951ರಲ್ಲಿ ಶುರುವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿ, ಮಾಡುತ್ತಿದ್ದ ಪಂಪುಗಳು ಲಾರಿಗಳಲ್ಲಿ ವರ್ಷಗಟ್ಟಲೆ ಕೊಳೆ ನುಂಗಿಕೊಂಡು ಓಡಿದವು. ಕೆಟ್ಟರೂ ಪಂಪ್ ಬಿಚ್ಚಿ, ಪ್ಲಂಜರ್ ಬದಲಿಸಿ, ಸಂಜೆಗೆ ಗಾಡಿ ಹೊರಡುತ್ತಿತ್ತು. ಇಂದಿನ ಕಾಮನ್ ರೈಲ್ ಎಂಜಿನ್‌ಗೆ ಆ ದೊಡ್ಡ ಮನಸ್ಸಿಲ್ಲ. ಅದರಲ್ಲಿ 1,600 ಬಾರ್ ಮತ್ತು ಅದಕ್ಕೂ ಮೇಲಿನ ಒತ್ತಡ ಸಾಮಾನ್ಯ, ಎಂದರೆ ಟೈರಿನ ಗಾಳಿಯ ನಾನೂರು ಐದುನೂರು ಪಟ್ಟು. ಇಂಜೆಕ್ಟರಿನೊಳಗೆ ಜಾರುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಆ ಸಂದಿಗೆ ಜಾರುಗುಣ ಕೊಡುವ ಎಣ್ಣೆಯೂ ಡೀಸೆಲ್ಲೇ. ಅದರ ಜಾಗಕ್ಕೆ ನೀರು ಬಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ. ನಾಝಲ್ ತುದಿಯ ಕಾವಿಗೆ ಹನಿ ನೀರು ಆವಿಯಾಗಿ ಸಿಡಿದು ತುದಿಯನ್ನೇ ಕಿತ್ತುಹಾಕಬಹುದು. ನೀರು ನಿಂತ ಟ್ಯಾಂಕಿನಲ್ಲಿ, ಡೀಸೆಲ್ ಮತ್ತು ನೀರು ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಸಂಸಾರ ಹೂಡಿ ಕಪ್ಪು ಲೋಳೆ ಮಾಡುತ್ತವೆ. ಫಿಲ್ಟರ್ ಬಿಚ್ಚಿದಾಗ ಅದು ಕಂಡರೆ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ, ಟ್ಯಾಂಕ್ ಇಳಿಸಬೇಕು.

ಬೇಕಾಗುವ ಸಾಮಾನು: ಡೀಸೆಲ್‌ಗೆಂದೇ ಮಾಡಿದ ಹೋಸ್ ಪೈಪು, ಒಳ್ಳೆಯ ಕ್ಲಿಪ್ಪುಗಳು, ಹೊಸ ಕಾಪರ್ ವಾಷರುಗಳು, ಸ್ಪ್ಯಾನರ್, ಒಗೆದ ಬಟ್ಟೆ, ಒಂದು ಪಾರದರ್ಶಕ ಬಾಟಲಿ. ಕೊನೆಯದಕ್ಕೆ ಕ್ವಾರ್ಟರ್ ಬಾಟಲಿ ಸಾಕು. ಈ ನಾಲ್ಕೂ ತಾಲ್ಲೂಕುಗಳಲ್ಲಿ ಅದರ ಕೊರತೆಯಿರುವಂತೆ ಕಾಣುವುದಿಲ್ಲ. ಹಳೆಯ ವಾಷರನ್ನೇ ಕಲ್ಲಿಗೆ ಉಜ್ಜಿ ಮತ್ತೆ ಹಾಕುವ ಪದ್ಧತಿ ಇದೆ. ಬೇಡ.

ಫಿಲ್ಟರಿನ ಒಳಗಿರುವುದು ಕಾಗದ. ದಶಕಗಳಿಂದ ಕಾಗದ ಕಾರ್ಖಾನೆಯ ವಾಸನೆಯಲ್ಲೇ ಬದುಕಿರುವ ದಾಂಡೇಲಿಯವರಿಗೆ ಕಾಗದದ ಪಾಠ ಹೇಳುವುದು ಅಧಿಕಪ್ರಸಂಗವೇ. ಆದರೂ ಹೇಳುತ್ತೇನೆ, ಇದು ಬರೆಯುವ ಕಾಗದವಲ್ಲ. ರಾಳ ಹೀರಿಸಿ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಕೆಲವದರಲ್ಲಿ ಸಿಂಥೆಟಿಕ್ ನೂಲೂ ಸೇರಿರುತ್ತದೆ. ಸೆಪರೇಟರಿನಲ್ಲಿ ನೀರಿನ ಸಣ್ಣ ಸಣ್ಣ ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾಗಿ, ಭಾರಕ್ಕೆ ಕೆಳಗಿನ ಬಟ್ಟಲಿಗೆ ಇಳಿಯುತ್ತವೆ. ಪಂಪ್ ಒಮ್ಮೆ ಚೆನ್ನಾಗಿ ಕಲಕಿಬಿಟ್ಟರೆ ಈ ಕೆಲಸ ಕಷ್ಟ. ಕಡೆದ ಮಜ್ಜಿಗೆಯಿಂದ ನೀರು ಬೇರೆ ಮಾಡಲು ಹೊರಟಂತೆ. ಅದಕ್ಕೇ ಸೆಪರೇಟರಿನ ಸ್ಥಾನ ಪಂಪಿಗಿಂತ ಮೊದಲು, ಟ್ಯಾಂಕಿನ ಕಡೆಗೆ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬಂದೆವು. "ಎರಡು ಮೈಕ್ರಾನ್ ಐತ್ರಿ ಸಾಹೇಬ್ರ, ಭಾರಿ ಮಾಲು" ಎಂದು ಅಂಗಡಿಯವರು ಕೊಡುವುದನ್ನು ಟ್ಯಾಂಕ್ ಮತ್ತು ಪಂಪಿನ ನಡುವೆ ಕೂರಿಸಬೇಡಿ. ಅಲ್ಲಿ ಡೀಸೆಲ್ ತಳ್ಳಿಸಿಕೊಂಡು ಬರುವುದಿಲ್ಲ, ಪಂಪೇ ಎಳೆದುಕೊಳ್ಳಬೇಕು. ಅಷ್ಟು ನುಣುಪಾದ ಜರಡಿಯ ಮೂಲಕ ಎಳೆಯಲು ಹೋಗಿ ಪಂಪಿಗೆ ಉಬ್ಬಸ ಬರುತ್ತದೆ, ಕಾಮನ್ ರೈಲಿನ ಒತ್ತಡ ಬೀಳುತ್ತದೆ, ಬಯಲಿನಲ್ಲಿ ಚೆನ್ನಾಗಿ ಓಡಿದ ಗಾಡಿ ಏರಿನಲ್ಲಿ ಲೈಟ್ ಹಾಕಿಕೊಂಡು ನಿಧಾನವಾಗುತ್ತದೆ. ಎಳೆಯುವ ಕಡೆಗೆ 10ರಿಂದ 30 ಮೈಕ್ರಾನ್‌ನ ಒರಟು ಜರಡಿ ಸಾಕು. ನುಣುಪಿನ ಕೆಲಸವನ್ನು ಕಂಪನಿ ಕೊಟ್ಟ ಮೂಲ ಫಿಲ್ಟರಿಗೇ ಬಿಡಿ, ಅದನ್ನು ಅವಧಿಗೆ ಸರಿಯಾಗಿ ಬದಲಿಸಿ. ವಾರಂಟಿ ಇನ್ನೂ ಇರುವ ಗಾಡಿಯಾದರೆ ಹೋಸ್ ಕತ್ತರಿಸುವ ಮೊದಲು ಸರ್ವಿಸ್ ಸೆಂಟರಿನಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. "ಹಾಕ್ಕೊಳ್ರಿ, ಏನಾಗಂಗಿಲ್ಲ" ಎಂಬುದು ಬರಹವಲ್ಲ.

ಕೂರಿಸುವ ಜಾಗ: ಚಾಸಿಸ್ಸಿನ ಒಳಮಗ್ಗುಲು, ಸೈಲೆನ್ಸರಿನಿಂದ ದೂರ. ಗಾಜಿನಂತೆ ಕಾಣುವ ಬಟ್ಟಲು ನೋಡಲು ಚೆಂದ, ಆದರೆ ಜೋಯಿಡಾದ ಜಲ್ಲಿ ದಾರಿಗೆ ಅದರ ಮೇಲೆ ವಿಶೇಷ ಪ್ರೀತಿ. ತಗಡಿನದೊಂದು ಕವಚ ಕಟ್ಟಿ. ಫಿಲ್ಟರ್ ತಲೆಯ ಮೇಲಿನ ಬಾಣದ ಗುರುತು ಅಲಂಕಾರಕ್ಕಲ್ಲ, ಡೀಸೆಲ್ ಹೋಗುವ ದಿಕ್ಕು. ಹೂದೋಟದ ನೀರಿನ ಪೈಪನ್ನು ತುಂಡು ಮಾಡಿ ತಂದರೆ ಅದು ಕೆಲ ತಿಂಗಳಲ್ಲಿ ಗಟ್ಟಿಯಾಗಿ ಬಿರಿಯುತ್ತದೆ. ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗುವುದರಿಂದ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಗಾಡಿ ಮಾತ್ರ ಬೆಳಿಗ್ಗೆ ಸ್ಟಾರ್ಟ್ ಆಗದು. "ಏರ್ ತಗೊಂಡೈತ್ರಿ" ಎಂದು ಮಿಸ್ತ್ರಿ ಹೇಳಿದಾಗ ಪೈಪನ್ನು ನೆನಪಿಸಿಕೊಳ್ಳಿ.

ಎಚ್ಚರಿಕೆ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು, ತುಂಬಿಸಿಯೇ ತಿರುಪುವುದು ಹಳೆಯ ಮಿಸ್ತ್ರಿಗಳ ಕೈಗೆ ಹತ್ತಿದ ಅಭ್ಯಾಸ. ಮೈಕೋ ಪಂಪಿನ ಕಾಲಕ್ಕೆ ಅದು ಜಾಣತನವೇ ಆಗಿತ್ತು. ಈಗ ನಡುವಿನ ತೂತಿನಲ್ಲಿ ಸುರಿದದ್ದು ಜರಡಿ ದಾಟಿದ ಕಡೆಗೇ ಬೀಳುತ್ತದೆ. ಕ್ಯಾನಿನ ತಳದ ಮಣ್ಣು ನೆಟ್ಟಗೆ ಪಂಪಿಗೆ ಹೋಗುತ್ತದೆ. ಫಿಲ್ಟರ್ ಖಾಲಿಯಾಗಿಯೇ ಹಾಕಿ, ಹ್ಯಾಂಡ್ ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ. ಹೆಬ್ಬೆರಳು ನೋಯುತ್ತದೆ. ನೋಯಲಿ, ಮಿಸ್ತ್ರಿಯವರಿಗೆ "ಮಾಮಾ, ಒಂದೀಟು ತಡೀರಿ" ಎಂದು ವಿನಯವಾಗಿ ಹೇಳಿ ನೀವೇ ಒತ್ತಿ.

ಬಳಕೆ. ಈ ಭಾಗವನ್ನು ಯಾರೂ ಓದುವುದಿಲ್ಲ, ಆದರೆ ಕೈಪಿಡಿಯ ಸಾರವೆಲ್ಲ ಇಲ್ಲೇ ಇದೆ. ಸೆಪರೇಟರ್ ನೀರನ್ನು ಹಿಡಿಯುತ್ತದೆ, ಹೊರಹಾಕುವುದಿಲ್ಲ. ಹೊರಹಾಕಬೇಕಾದವರು ನೀವು. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಚಾವಿ ತಿರುಗಿಸುವ ಮೊದಲು, ಬಟ್ಟಲಿನ ಡ್ರೈನ್ ತಿರುಪು ಸಡಿಲಿಸಿ, ಬಾಟಲಿ ಹಿಡಿಯಿರಿ. ಮೊದಲು ಬರುವುದು ಬೂದುಬಣ್ಣದ, ಕೆಲವೊಮ್ಮೆ ತುಕ್ಕಿನ ಕೆಂಪು ತಳವಿರುವ ನೀರು. ಮೇಲೆ ಡೀಸೆಲ್ ತೆಳ್ಳಗೆ ನಿಲ್ಲುತ್ತದೆ. ಬೆಳಕಿಗೆ ಹಿಡಿದರೆ ನಡುವಿನ ಗೆರೆ ಕಾಣುತ್ತದೆ. ಶುದ್ಧ ಡೀಸೆಲ್ ಬಂದೊಡನೆ ತಿರುಪು ಬಿಗಿಯಿರಿ, ಪ್ರೈಮರ್ ಒತ್ತಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ. ಬಾಟಲಿಯಲ್ಲಿದ್ದುದನ್ನು ಕಾಳಿ ನದಿಗೂ ಚರಂಡಿಗೂ ಸುರಿಯಬೇಡಿ. ಮನೆಯಲ್ಲಿ ಹಾಗೇ ಇಡಲೂ ಬೇಡಿ, ಅದು ಕ್ವಾರ್ಟರ್ ಬಾಟಲಿ.

ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನ ಕೆಳಗೆ ಹನಿಗಳಿರುವ ಚಿತ್ರದ ದೀಪ ಹತ್ತಿದರೆ, ಬಟ್ಟಲಿನ ತಳದ ಸೆನ್ಸರಿಗೆ ನೀರು ಮುಟ್ಟಿದೆ ಎಂದರ್ಥ. ನೀರು ವಿದ್ಯುತ್ ಹರಿಸುತ್ತದೆ, ಡೀಸೆಲ್ ಹರಿಸುವುದಿಲ್ಲ. ಸೆನ್ಸರಿಗೆ ಅಷ್ಟೇ ಬುದ್ಧಿ, ಅಷ್ಟೇ ಸಾಕು. ಆ ದೀಪದ ಮೇಲೆ ಉಳವಿ ಚೆನ್ನಬಸವಣ್ಣನ ಸ್ಟಿಕ್ಕರ್ ಅಂಟಿಸಬೇಡಿ. ದೇವರು ಎದುರಿನ ಗಾಜಿನ ಮೇಲಿರಲಿ.

ಅರ್ಧ ಟ್ಯಾಂಕಿನಲ್ಲಿ ಗಾಳಿ ತಣ್ಣಗಾಗಿ ಹನಿಗಟ್ಟುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹನಿಗಟ್ಟುತ್ತದೆ, ತುಸು. ನನ್ನ ಅಂದಾಜಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿತಸ್ಥರು ಮಳೆಯಲ್ಲಿ ತೆರೆದ ಮುಚ್ಚಳ, ರಬ್ಬರ್ ಸತ್ತ ಮುಚ್ಚಳ, ಮತ್ತು ಅಂಗಳದಲ್ಲಿ ಬೋರಲು ಹಾಕದೆ ಬಿಟ್ಟ ಕ್ಯಾನು, ಆಲಿಕೆ. ಬಂಕಿನಲ್ಲಿ ಟ್ಯಾಂಕರ್ ಇಳಿಸುತ್ತಿರುವುದು ಕಂಡರೆ ಚಹಾ ಕುಡಿದು ಬನ್ನಿ, ಅಥವಾ ಮುಂದಿನ ಬಂಕಿಗೆ ಹೋಗಿ. ಆ ಹೊತ್ತಿಗೆ ನೆಲದೊಳಗಿನ ಟ್ಯಾಂಕಿನ ತಳ ಕಲಕಿರುತ್ತದೆ. ಸಂಶಯ ಬಂದರೆ ಸಾಂದ್ರತೆ ನೋಡಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಬಂಕಿನ ದಾಖಲೆಯಲ್ಲಿರುವ ಅಂಕಿಗೂ ಅಳತೆಗೂ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆದರೆ ತಳದಲ್ಲಿ ಕುಳಿತ ನೀರು ಈ ಅಳತೆಗೆ ಸಿಗುವುದಿಲ್ಲ. ಅದಕ್ಕೆ ಅಳತೆ ಕೋಲಿಗೆ ಪೇಸ್ಟ್ ಹಚ್ಚಿ ಅದ್ದುತ್ತಾರೆ, ನೀರು ತಾಗಿದಷ್ಟು ಬಣ್ಣ ಬದಲಾಗುತ್ತದೆ. ಅದನ್ನೂ ತೋರಿಸಲು ಕೇಳಿ.

ಕೊನೆಗೆ, ಹೊಸ ಸೆಪರೇಟರಿಗೆ ದುಡ್ಡು ಕೊಡುವ ಮುನ್ನ ಒಂದು ಕೆಲಸ ಮಾಡಿ. ಗಾಡಿಯಲ್ಲಿ ಈಗಿರುವ ಫಿಲ್ಟರಿನ ತಳದಲ್ಲಿ ಡ್ರೈನ್ ತಿರುಪು ಇದೆಯೇ ನೋಡಿ. ಬಹಳಷ್ಟು ಪಿಕಪ್ಪುಗಳಲ್ಲಿ ಕಂಪನಿಯವರೇ ಕೊಟ್ಟಿರುತ್ತಾರೆ. ನಾಳೆ ಬೆಳಿಗ್ಗೆ ಅದನ್ನು ಬಿಚ್ಚಿ, ಬಾಟಲಿಯಲ್ಲಿ ಎಷ್ಟು ನೀರು ಬಂತೆಂದು ನೋಡಿದ ಮೇಲೆ ಅಂಗಡಿಗೆ ಹೋಗಿ.