ಬೋಳುತಲೆಗೆ ನಾಲ್ಕು ತಾಲೂಕಿನ ಎಣ್ಣೆ

ಕೂದಲು ಉದುರತೊಡಗಿದ ಗಂಡಸಿನ ತಲೆ ಅವನೊಬ್ಬನ ಆಸ್ತಿಯಾಗಿ ಉಳಿಯುವುದಿಲ್ಲ; ಗಾಂವಠಾಣಾ ಜಾಗದ ಹಾಗೆ ಊರಿಗೆಲ್ಲ ಅದರ ಮೇಲೆ ಹಕ್ಕು ಬಂದುಬಿಡುತ್ತದೆ. ಕೆಮ್ಮು ಬಂದರೆ ಜನ ಡಾಕ್ಟರ ಕಡೆ ಹೋಗು ಅನ್ನುತ್ತಾರೆ. ಕೂದಲು ಉದುರಿದರೆ ತಾವೇ ಡಾಕ್ಟರಾಗುತ್ತಾರೆ. ಮಾಸ್ತರಿಕೆಯ ನೆವದಲ್ಲಿ ನಾನು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕು ತಿರುಗಿದವನು. ವರ್ಗವಾದಲ್ಲೆಲ್ಲ ಒಂದಿಷ್ಟು ಕೂದಲು ಬಿಟ್ಟು, ಬದಲಿಗೆ ಒಂದೊಂದು ಎಣ್ಣೆಯ ಪಾಠ ಹೊತ್ತುಕೊಂಡು ಬಂದೆ. 1997ರಲ್ಲಿ ಹಾವೇರಿ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ನನ್ನ ಹಣೆ ನೆತ್ತಿಯ ಕಡೆ ತನ್ನ ಗಡಿ ವಿಸ್ತರಿಸಲು ಸುರುಮಾಡಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಹಾನಗಲ್ಲಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಅವ್ವಾರು ಗರಗದ ಪಕ್ಷದವರು. ಭತ್ತದ ಗದ್ದೆಯ ಬದುವಿನಲ್ಲಿ, ಕೆರೆಯ ತೂಬಿನ ಕೆಳಗೆ, ಎಲ್ಲಿ ತೇವವಿದೆಯೋ ಅಲ್ಲಿ ಈ ಗರಗದ ಸೊಪ್ಪು ಯಾರೂ ಬಿತ್ತದೆ ಬೆಳೆಯುತ್ತದೆ. ಪುಟ್ಟ ಬಿಳಿ ಹೂ, ಒರಟು ಎಲೆ. ರೈತನಿಗೆ ಅದು ಕಳೆ, ಆಯುರ್ವೇದದವರಿಗೆ ಭೃಂಗರಾಜ. ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಸ್ವಲ್ಪ ಹೊತ್ತಿಗೆ ಕೈ ಕಪ್ಪಗಾಗುತ್ತದೆ. ಅವ್ವಾರ ವಾದವೆಲ್ಲ ನಿಂತಿದ್ದು ಈ ಕಪ್ಪಿನ ಮೇಲೆ.

"ಮಾಸ್ತರ, ಕೈ ಇಷ್ಟ ಕರ್ರಗಾಗತೈತಿ ಅಂದಮ್ಯಾಲೆ ಕೂದ್ಲ ಆಗಂಗಿಲ್ಲೇನ್ರಿ?"

"ಕರ್ರಗಾಗಾಕ ಮೊದಲ ಅವು ಇರಬೇಕಲ್ರಿ ಅವ್ವಾರ."

"ನೀವು ಸಾಲಿ ಕಲಿತವರು, ಎಲ್ಲಾದಕ್ಕೂ ಅಡ್ಡ ಮಾತಾಡ್ತೀರಿ. ಅದಕ್ಕ ಉದರ್ತಾವ."

ಅವರ ತರ್ಕ ಏನೇ ಇರಲಿ, ಎಣ್ಣೆ ಕಾಸುವ ಕಸುಬನ್ನು ಮಾತ್ರ ಕೂತು ನೋಡಬೇಕು. ಸೊಪ್ಪನ್ನು ತೊಳೆದು ಒಳಕಲ್ಲಿನಲ್ಲಿ ರುಬ್ಬಿ ರಸ ಹಿಂಡುತ್ತಿದ್ದರು. ಕಬ್ಬಿಣದ ಬಾಣಲೆಯಲ್ಲಿ ಕೊಬ್ಬರಿ ಎಣ್ಣೆ, ಅದಕ್ಕೆ ಈ ರಸ, ಮೇಲೆ ನೆನೆಸಿ ಅರೆದ ಮೆಂತೆ, ಕರಿಬೇವು, ನಾಲ್ಕು ದಾಸವಾಳದ ಹೂ. ಒಲೆ ಸಣ್ಣಗೆ ಉರಿಯಬೇಕು. ಯಾರಾದರೂ ಕಟ್ಟಿಗೆ ಮುಂದೆ ತಳ್ಳಿದರೋ ಅವರ ಏಳು ತಲೆಮಾರಿಗೂ ಬೈಗುಳ. ಸೊಪ್ಪಿನ ನೀರಿನಂಶ ಪೂರ್ತಿ ಹೋಗಬೇಕು, ಸೊಪ್ಪು ಕರಟಬಾರದು. ಇವೆರಡರ ನಡುವಿನ ಹದ ಸಿಗುವುದೇ ಕಷ್ಟ. ಅವ್ವಾರು ತಳದ ಚರಟವನ್ನು ಒಂದಿಷ್ಟು ತೆಗೆದು ಬೆರಳ ನಡುವೆ ಹೊಸೆಯುತ್ತಿದ್ದರು. ಅದು ಬತ್ತಿಯಂತೆ ಉರುಟಾಗಿ ಬಂದರೆ ಅರ್ಧ ಪಾಸು. ಆಮೇಲೆ ಅರಳೆಯ ಬತ್ತಿಯೊಂದನ್ನು ಎಣ್ಣೆಯಲ್ಲಿ ಅದ್ದಿ ಉರಿಗೆ ಹಿಡಿಯುವುದು. ಚಟಪಟ ಅಂದರೆ ನೀರು ಇನ್ನೂ ಇದೆ, ಮತ್ತೆ ಕಾಸಬೇಕು. ಸದ್ದಿಲ್ಲದೆ ಉರಿದರೆ ಬಾಣಲೆ ಇಳಿಸಬೇಕು. ನೀರು ಉಳಿದ ಎಣ್ಣೆ ವಾರದೊಳಗೆ ಮುಗ್ಗಲು ವಾಸನೆ ಬರುತ್ತದೆ. ವೈದ್ಯರು ತೈಲಪಾಕಕ್ಕೆ ಹೇಳುವ ಪರೀಕ್ಷೆಗಳೂ ಇವೇ. ಅವ್ವಾರು ಯಾವ ಪುಸ್ತಕವನ್ನೂ ತೆರೆದವರಲ್ಲ.

ಹಿರೇಕೆರೂರಿನದು ಔಡಲೆಣ್ಣೆ ಪಂಥ. ಅಲ್ಲಿ ನನಗೆ ದೀಕ್ಷೆ ಕೊಟ್ಟವರು ನಿವೃತ್ತ ಹಿರಿಯರೊಬ್ಬರು. ಯಾವಾಗಲೂ ಇಸ್ತ್ರಿ ಹೊಡೆದ ಗಾಂಧಿ ಟೊಪಗಿ, ಮಾತಿಗೆ ಮುಂಚೆ ಕೆಮ್ಮು. "ಔಡಲೆಣ್ಣಿ ಹಚ್ಚಿ ನೋಡ್ರಿ, ಕಲ್ಲಿನ ಮ್ಯಾಲೂ ಕೂದ್ಲ ಬರತಾವ" ಎಂದು ಅವರು ಹೇಳುವಾಗ ಎದುರಿಗಿನ ಕಲ್ಲನ್ನೂ ಸಂಶಯದಿಂದ ನೋಡುವಂತಾಗುತ್ತಿತ್ತು. ಹಚ್ಚಿದೆ. ಔಡಲೆಣ್ಣೆ ಹಚ್ಚುವುದು ಸುಲಭ, ತೆಗೆಯುವುದು ಜನ್ಮಜನ್ಮಾಂತರದ ಕೆಲಸ. ಸೀಗೆಪುಡಿ ಸೋತಿತು, ಕಡಲೆಹಿಟ್ಟು ಸೋತಿತು, ದಿಂಬಿನ ಚೀಲ ತೊಳೆಯುವವಳು ಮಾತು ಬಿಟ್ಟಳು. ನಮ್ಮ ದೇಶದ ಚರ್ಮವೈದ್ಯರು 2017ರಲ್ಲಿ ಒಂದು ಪ್ರಕರಣ ವರದಿ ಮಾಡಿದ್ದಾರೆ: ಕೊಬ್ಬರಿ ಎಣ್ಣೆಗೆ ಔಡಲೆಣ್ಣೆ ಬೆರೆಸಿ ಹಚ್ಚಿ ತಲೆಗೆ ಎರಕೊಂಡ ಯುವತಿಯೊಬ್ಬಳ ಉದ್ದನೆಯ ಕೂದಲು ಗಂಟುಗಂಟಾಗಿ ಬಿಗಿದುಕೊಂಡಿತಂತೆ, ಬಿಡಿಸಲಾಗದೆ ಕತ್ತರಿಸಬೇಕಾಯಿತು. ನನಗೆ ಆ ಭಯವಿರಲಿಲ್ಲ. ಗಂಟು ಬೀಳಲು ಕನಿಷ್ಠ ಎರಡು ಕೂದಲು ಪರಸ್ಪರ ಭೇಟಿಯಾಗಬೇಕು.

ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಗಾಳಿ ಬೀಸಿ ಹಿರಿಯರ ಟೊಪಗಿ ಹಾರಿತು. ಒಳಗೆ ತಾಮ್ರದ ಕೊಡ ಬೆಳಗಿಟ್ಟ ಹಾಗೆ ಥಳಥಳ! ಅವರು ಒಂಚೂರೂ ಗಲಿಬಿಲಿಗೊಳ್ಳದೆ ಟೊಪಗಿ ಜಾಡಿಸಿ ಹಾಕಿಕೊಂಡು, "ನಾನು ಸುರು ಮಾಡೂದು ತಡ ಆತ್ರಿ" ಅಂದರು. ಆವತ್ತು ನನಗೊಂದು ಚರಿತ್ರೆ ಹೊಳೆಯಿತು. ನಮ್ಮ ಅಜ್ಜಂದಿರ ಫೋಟೋ ನೋಡಿ: ಒಬ್ಬನಿಗೆ ರುಮಾಲು, ಒಬ್ಬನಿಗೆ ಪಟಗ, ಒಬ್ಬನಿಗೆ ಟೊಪಗಿ. ಯಾರ ತಲೆ ಹೇಗಿತ್ತೆಂದು ಹೆಂಡತಿಗೆ, ಹಜಾಮನಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಹಿಂದಿನವರಿಗೆ ಸಾಯುವತನಕ ತಲೆತುಂಬ ಕೂದಲಿತ್ತು ಎಂಬ ನಂಬಿಕೆಯಲ್ಲಿ ಎಣ್ಣೆಯ ಪಾಲೆಷ್ಟೋ, ಬಟ್ಟೆಯ ಪಾಲೇ ಹೆಚ್ಚು.

ಶಿಗ್ಗಾವಿ ಹೆದ್ದಾರಿಯ ಊರು, ಅಲ್ಲಿಯ ಸಲಹೆಗಳೂ ಹೆದ್ದಾರಿಯವು. ಸಹೋದ್ಯೋಗಿಗಳು ಮೊಬೈಲಿನಲ್ಲಿ 'ಆದಿವಾಸಿ ಹೇರ್ ಆಯಿಲ್' ತೋರಿಸುತ್ತಿದ್ದರು. ಮೊಳಕಾಲು ದಾಟಿದ ಕೂದಲು ಬಿಟ್ಟುಕೊಂಡ ಹೆಂಗಸರು, ಅಷ್ಟೇ ಉದ್ದದ ಕೂದಲಿನ ಗಂಡಸರು. ಇದರ ಬೇರು ಮೈಸೂರು ಜಿಲ್ಲೆ ಹುಣಸೂರು ತಾಲೂಕಿನ ಪಕ್ಷಿರಾಜಪುರದಲ್ಲಿದೆ. ಅಲ್ಲಿಯ ಹಕ್ಕಿಪಿಕ್ಕಿ ಜನ ಮೊದಲು ಹಕ್ಕಿ ಹಿಡಿದು ಬದುಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಬದುಕು ಮುಗಿಯಿತು, ಗಿಡಮೂಲಿಕೆ ಎಣ್ಣೆಯ ವ್ಯಾಪಾರ ಕೈಹಿಡಿಯಿತು. ಆ ಬಾಟಲಿ ಹೊತ್ತು ಅವರು ಆಫ್ರಿಕಾದವರೆಗೆ ಹೋದವರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳು ಬಹಳ ಮಂದಿ. 'ಆಪರೇಷನ್ ಕಾವೇರಿ'ಯಲ್ಲಿ ಅವರನ್ನು ಕರೆತರಲಾಯಿತು. ಗುಂಡಿನ ಸದ್ದಿನ ನಡುವೆ ಕೂದಲೆಣ್ಣೆ ಮಾರುವ ಎದೆಗಾರಿಕೆಗೆ ನಾನು ಕೈಮುಗಿಯುತ್ತೇನೆ. ನನ್ನ ನೆತ್ತಿಯ ವಿಷಯದಲ್ಲಿ ಮಾತ್ರ ಆ ಫೋಟೋದ ಸಾಕ್ಷಿ ಸಾಲದು. ಉದ್ದ ಕೂದಲಿನವರು ಹಚ್ಚಿಕೊಂಡದ್ದಕ್ಕೂ, ಹಚ್ಚಿಕೊಂಡದ್ದರಿಂದ ಉದ್ದವಾದದ್ದಕ್ಕೂ ಅಂತರವಿದೆ.

ಸವಣೂರಿನಲ್ಲಿ ಯಾರೂ ಸಲಹೆ ಕೊಡಲಿಲ್ಲ. ಖಾರ ಕೊಟ್ಟರು, ವೀಳ್ಯದೆಲೆ ಕೊಟ್ಟರು. ಅಸೂಯೆ ಹುಟ್ಟಿಸಿದ್ದು ದೊಡ್ಡಹುಣಸೆ ಮಠದ ಮೂರು ಮರಗಳು. ಹೆಸರಿಗೆ ಹುಣಸೆ, ಜಾತಿ ಆಫ್ರಿಕಾದ ಬಾವೊಬಾಬ್. ಬೇಸಿಗೆಯಲ್ಲಿ ಬೋಳುಬೋಳಾಗಿ ನಿಂತು, ಮಳೆ ಬಿದ್ದೊಡನೆ ಮತ್ತೆ ತಲೆತುಂಬ ಎಲೆ. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಅದನ್ನೂ ಎತ್ತಿ ಮತ್ತೆ ನೆಟ್ಟರು. ಇದೇ ಜಾತಿಯ ಮರದ ಬೀಜದೆಣ್ಣೆಯನ್ನು ಹೊರದೇಶದವರು ತಲೆಗೆ ಹಚ್ಚುತ್ತಾರೆ. ಸವಣೂರಿನವರು ಅದರ ನೆರಳಲ್ಲಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತಿರುತ್ತಾರೆ.

ಅವರು ಸರಿಯಾಗಿಯೇ ಕೂತಿದ್ದಾರೆ. ಮುಂಬೈಯ ಸಂಶೋಧಕರು 2003ರಲ್ಲಿ ಕೊಬ್ಬರಿ, ಸೂರ್ಯಕಾಂತಿ, ಖನಿಜ ಎಣ್ಣೆ ಮೂರನ್ನೂ ಕೂದಲಿಗೆ ಹಚ್ಚಿ ನೋಡಿದರು. ಕೂದಲಿನ ಪ್ರೋಟೀನು ಸೋರಿಹೋಗದಂತೆ ತಡೆದದ್ದು ಕೊಬ್ಬರಿ ಎಣ್ಣೆಯೊಂದೇ. ಅದರ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿಯುತ್ತದೆ. ಆದರೆ ಇದೆಲ್ಲ ಇದ್ದ ಕೂದಲಿನ ಸೇವೆ. ಚರ್ಮದಿಂದ ಹೊರಬಂದ ಕೂದಲು ಸತ್ತದ್ದು. ಹುಟ್ಟುವ ಜಾಗ ಒಳಗಿನ ಬುಡ. ಗಂಡಸರ ನೆತ್ತಿ ಬೋಳಾಗುವುದು ಬಹುಪಾಲು ವಂಶದ ಗುಣದಿಂದ, ಹಾರ್ಮೋನಿನಿಂದ. ನಮ್ಮ ಅಪ್ಪ ಹೊಲ ಕೊಡಲಿಲ್ಲ, ಇದನ್ನು ಕೊಟ್ಟ. ಇರಾನಿನಲ್ಲಿ 2015ರಲ್ಲಿ ನೂರು ಜನರಲ್ಲಿ ಅರ್ಧ ಮಂದಿಯ ಮೇಲೆ ರೋಸ್‌ಮೇರಿ ಎಣ್ಣೆ ಪ್ರಯೋಗಿಸಿ, ಆರು ತಿಂಗಳಿಗೆ ಅದು ಉಳಿದರ್ಧ ಮಂದಿಗೆ ಹಚ್ಚಿದ ಶೇ 2ರ ಮಿನಾಕ್ಸಿಡಿಲ್ ಔಷಧಿಗೆ ಸಮನಾಯಿತು ಅಂದಿದ್ದಾರೆ. ಒಂದು ಸಣ್ಣ ಪ್ರಯೋಗ, ನಮ್ಮ ಗದ್ದೆ ಬದುವಿನಲ್ಲಿ ಆ ಗಿಡವೂ ಇಲ್ಲ.

ಎಣ್ಣೆ ಎಲ್ಲಿ ಸಾರ್ಥಕ ಅಂತ ನೋಡಬೇಕಾದರೆ ನಮ್ಮ ಸಾಲಿಗೆ ಬರಬೇಕು. ರವಿವಾರ ತಲೆಗೆ ಎರಕೊಂಡು, ಸೋಮವಾರ ಮತ್ತೆ ಎಣ್ಣೆ ಹಚ್ಚಿ, ಎರಡು ಹೆರಳು ಮಡಚಿ ಕೆಂಪು ರಿಬ್ಬನ್ ಕಟ್ಟಿಕೊಂಡು ಹುಡುಗಿಯರು ಬರುತ್ತಾರೆ. ಅವರು ಗೋಡೆಗೆ ಒರಗಿ ಕೂರುವಲ್ಲಿ ಸಾಲಾಗಿ ಎಣ್ಣೆಯ ಕಲೆಗಳಿವೆ, ಐದನೇ ಇಯತ್ತೆಯವರದ್ದು ಕೆಳಗೆ, ಏಳನೇ ಇಯತ್ತೆಯವರದ್ದು ಒಂದು ಗೇಣು ಮೇಲೆ. ಪ್ರತಿ ವರ್ಷ ಸುಣ್ಣ ಹೊಡೆಸುತ್ತೇವೆ, ಪ್ರತಿ ವರ್ಷ ಕಲೆ ಗೆಲ್ಲುತ್ತದೆ.

ಹಾಗಾಗಿ ಕೂದಲಿದ್ದವರು ಅವ್ವಾರ ಗರಗದೆಣ್ಣೆ ಧಾರಾಳವಾಗಿ ಹಚ್ಚಿಕೊಳ್ಳಿ. ಇಲ್ಲದವರು ಆ ರೊಕ್ಕದಲ್ಲಿ ಒಳ್ಳೆಯದೊಂದು ಟೊಪಗಿ ತಗೊಳ್ಳುವುದು ಲಾಭ. ಇನ್ನು ಮುಂದೆ ಈ ನಾಲ್ಕು ತಾಲೂಕಿನವರು ಯಾರೇ ಆಗಲಿ, ನನಗೆ ಹೊಸ ಎಣ್ಣೆ ಹೇಳುವುದಿದ್ದರೆ ಮೊದಲು ತಮ್ಮ ಟೊಪಗಿ ತೆಗೆದು ಆಮೇಲೆ ಹೇಳಬೇಕೆಂದು ವಿನಂತಿ.