ಕ್ಲೇಮಿಲ್ಲದ ದಾಂಪತ್ಯ

1953ರವರೆಗೆ ಮದರಾಸಿಗೂ, ಆ ಬಳಿಕ ಆಂಧ್ರ ರಾಜ್ಯಕ್ಕೂ, 1956ರಿಂದ ಆಂಧ್ರ ಪ್ರದೇಶಕ್ಕೂ, ಅದರೊಳಗೆ 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಗೂ, ಅಲ್ಲಿಂದೀಚೆಗೆ ಶ್ರೀ ಸತ್ಯಸಾಯಿ ಜಿಲ್ಲೆಗೂ ಸೇರಿ, ಇಷ್ಟೆಲ್ಲ ಒಡೆತನದ ಪಲ್ಲಟಗಳ ನಡುವೆಯೂ ತಾನು ಮಾತ್ರ ಇದ್ದಲ್ಲಿಂದ ಒಂದಂಗುಲ ಕದಲದೆ, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ತೆಲುಗನ್ನೂ ಆಡಿಕೊಂಡು ಬಂದಿರುವ ಮಡಕಶಿರದಲ್ಲಿ, ಕನ್ನಡ ಶಾಲೆಯಿಂದ ನಿವೃತ್ತರಾದ ಮೇಷ್ಟರೊಬ್ಬರ ಪಡಸಾಲೆಯೇ ಈ ಸಂವಾದದ ರಂಗಸ್ಥಳ. ಮೇಷ್ಟರ ಧರ್ಮಪತ್ನಿ ಮೊರದ ಮುಂದೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದಾರೆ. ಮೇಷ್ಟರ ಪೂರ್ವಾಶ್ರಮದ ಶಿಷ್ಯನೂ, ಹದಿನೇಳರ ಮಗ್ಗಿಯಲ್ಲಿ ಅವರಿಂದ ಏಟು ತಿಂದವನೂ, ಸದ್ಯಕ್ಕೆ ವಿಮೆಯ ಏಜೆಂಟನೂ ಆದ ತರುಣನೊಬ್ಬನು ಕುರ್ಚಿಯ ಅಂಚಿನಲ್ಲಿ ಮಾತ್ರ ಆಸೀನನಾಗಿದ್ದಾನೆ. ಅಂಗಳದಲ್ಲಿ ಏಳು ವರ್ಷದ ಕಾರು. ಅದರ ಹಿಂದಿನ ಬಂಪರಿನ ಎಡತುದಿ ಕಳಚಿಬಿದ್ದು, ಸೆಣಬಿನ ಹುರಿಯಿಂದ ಬಿಗಿಯಲ್ಪಟ್ಟಿದ್ದು, ಆ ಹುರಿಯ ಗಂಟಿನೊಳಗೆ ಹುಣಿಸೆಮರದ ತೊಗಟೆಯ ಚೂರೊಂದು ಇನ್ನೂ ಸಿಕ್ಕಿಕೊಂಡಿದೆ.

ಮೇಷ್ಟರು: ನೋಡಪ್ಪಾ, ವಿಷಯ ಸಂಕ್ಷಿಪ್ತವಾದದ್ದು. ಈ ಕಾರನ್ನು ಶಿರಾದಲ್ಲಿರುವ ನನ್ನ ಭಾವಮೈದುನನಿಗೆ ಮಾರಿ, ಇತ್ತೀಚೆಗಷ್ಟೇ ಕಾರಿನ ಲೈಸೆನ್ಸನ್ನು ಸಂಪಾದಿಸಿರುವ ಇವಳ ಹೆಸರಿನಲ್ಲಿ ಹೊಸದೊಂದನ್ನು ಕೊಳ್ಳಬೇಕೆಂದು ನಿಶ್ಚಯವಾಗಿದೆ. ಏಳು ವರ್ಷ ಕಂಪನಿಯಿಂದ ಒಂದು ಕಾಸನ್ನೂ ಯಾಚಿಸದೆ, ಇಂದ್ರಿಯನಿಗ್ರಹದಿಂದ ತಪಸ್ಸು ಮಾಡಿ, 20, 25, 35, 45 ಎಂಬ ಸೋಪಾನಗಳನ್ನೇರಿ, 50 ಪರ್ಸೆಂಟ್ ಎಂಬ ಶಿಖರದಲ್ಲಿ ನಿಂತಿರತಕ್ಕ ನನ್ನ ನೋ ಕ್ಲೇಮ್ ಬೋನಸ್ಸನ್ನು ಇವಳಿಗೆ ಸ್ತ್ರೀಧನವಾಗಿ ಧಾರೆಯೆರೆಯಲು ಇಚ್ಛಿಸಿದ್ದೇನೆ.

ಪತ್ನಿ: ಮದುವೆಯಾದಂದಿನಿಂದ ಇವರು ಕೇಳದೆ ಕೊಡಹೊರಟ ಮೊದಲನೆಯ ಪದಾರ್ಥ. ಮನಸ್ಸು ಬದಲಾಗುವುದರೊಳಗೆ ಬರೆದುಕೊಂಡುಬಿಡು.

ಏಜೆಂಟ್: ಹಾಗೆ ಕೊಡಲು ಬರುವುದಿಲ್ಲ ಸಾರ್. ಬೋನಸ್ಸು ಕಾರಿಗೂ ಸೇರಿದ್ದಲ್ಲ, ಮನೆಗೂ ಸೇರಿದ್ದಲ್ಲ. ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಸೇರಿದ್ದು. ಕಾರು ಮಾರಿದಿರೆಂದರೆ ಅದು ನಿಮ್ಮ ಹಿಂದೆಯೇ ಬರುತ್ತದೆ. ಕಂಪನಿಯಿಂದ ಸರ್ಟಿಫಿಕೇಟು ಪಡೆದಿಟ್ಟುಕೊಂಡರೆ ಮೂರು ವರ್ಷ ಕೆಡುವುದಿಲ್ಲ. ಅಷ್ಟರೊಳಗೆ ನಿಮ್ಮ ಹೆಸರಿನಲ್ಲೇ ಇನ್ನೊಂದು ಕಾರು ಬಂದರೆ ಅದಕ್ಕೆ ಹಚ್ಚಬಹುದು.

ಪತ್ನಿ: ಏನಂದೆ? ಕಾರಿನ ಜೊತೆ ಹೋಗುವುದಿಲ್ಲವೆ? ‘ಇದು ಐವತ್ತು ಪರ್ಸೆಂಟಿನ ಕಾರು, ಲಕ್ಷಣವಾದದ್ದು’ ಎಂದು ಹೇಳಿ ನನ್ನ ತಮ್ಮನ ಹತ್ತಿರ ಹತ್ತು ಸಾವಿರ ಹೆಚ್ಚಿಗೆ ಕೇಳಿದ್ದೀರಲ್ಲ ನೀವು!

ಮೇಷ್ಟರು: ಅಜ್ಞಾನದಿಂದ ಕೇಳಿದ್ದು ದುರಾಶೆಯಲ್ಲ. ಅದಿರಲಿ, ಅವನಿಗೆ ಏನೂ ಹೋಗುವುದಿಲ್ಲವೆ?

ಏಜೆಂಟ್: ಥರ್ಡ್ ಪಾರ್ಟಿ ಹೊಣೆ ಹೋಗುತ್ತದೆ ಸಾರ್, 1988ರ ಮೋಟಾರು ವಾಹನ ಕಾಯಿದೆಯ 157ನೆಯ ಸೆಕ್ಷನ್. ಹದಿನಾಲ್ಕು ದಿನದೊಳಗೆ ಅವರು ತಮ್ಮ ಹೆಸರಿಗೆ ಮಾಡಿಕೊಡಿರೆಂದು ಕಂಪನಿಗೆ ಬರೆಯಬೇಕು. ಬೋನಸ್ಸನ್ನಂತೂ ಅವರು ಸೊನ್ನೆಯಿಂದಲೇ ಬೆಳೆಸಿಕೊಳ್ಳಬೇಕು. ಶಿರಾ ಕರ್ನಾಟಕಕ್ಕೆ ಸೇರಿದ್ದಾದ್ದರಿಂದ ಆರ್‌ಟಿಓದಿಂದ ಎನ್‌ಓಸಿ ಬೇರೆ.

ಮೇಷ್ಟರು: ಇಲ್ಲಿಂದ ಯಾವ ದಿಕ್ಕಿಗೆ ಕಾರು ತಿರುಗಿಸಿದರೂ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಕರ್ನಾಟಕ ಬರುತ್ತದೆ, ಅದಕ್ಕೂ ಪರವಾನಗಿ! ಒಳ್ಳೆಯದು. ಅಗ್ನಿಸಾಕ್ಷಿಯಾಗಿ ಕೈಹಿಡಿದ ದಂಪತಿಗಳಲ್ಲಿ ಒಬ್ಬರ ಪುಣ್ಯ ಇನ್ನೊಬ್ಬರಿಗೆ ಸಂಕ್ರಮಿಸುವ ಮಾರ್ಗವೇ ಈ ವಿಮಾಶಾಸ್ತ್ರದಲ್ಲಿ ಇಲ್ಲವೆ?

ಏಜೆಂಟ್: (ಕೆಮ್ಮಿ) ಒಂದೇ ಒಂದಿದೆ ಸಾರ್.

ಮೇಷ್ಟರು: ಸಂಕೋಚ ಬೇಡ, ಹೇಳು.

ಏಜೆಂಟ್: ಪಾಲಿಸಿದಾರರು... ಕಾಲವಾದ ಪಕ್ಷದಲ್ಲಿ, ಅವರ ವಾಹನವು ಪತ್ನಿಗೋ ಮಕ್ಕಳಿಗೋ ತಂದೆತಾಯಿಗಳಿಗೋ ಬಂದರೆ, ಅದರೊಡನೆ ಬೋನಸ್ಸೂ ಅವರಿಗೆ ಸಲ್ಲುತ್ತದೆ.

(ಕಡಲೆಕಾಯಿ ಸುಲಿಯುವ ಸದ್ದು ನಿಂತಿತು.)

ಪತ್ನಿ: ಎಷ್ಟಾಗುತ್ತದೆ?

ಮೇಷ್ಟರು: ಏನು ಎಷ್ಟಾಗುತ್ತದೆ?

ಪತ್ನಿ: ಸುಮ್ಮನೆ ಕೇಳಿದೆ.

ಏಜೆಂಟ್: ಹೊಸ ಕಾರಿಗಾದರೆ, ನಮ್ಮ ಕಾರಿಗೇ ಆಗುವ ಡ್ಯಾಮೇಜಿನ ಭಾಗಕ್ಕೆ ವರ್ಷಕ್ಕೆ ಹದಿನಾರು ಸಾವಿರ ಅಂದುಕೊಳ್ಳಿ ಅಮ್ಮಾ, ಅದರಲ್ಲಿ ಅರ್ಧ, ಎಂಟು ಸಾವಿರ. ಥರ್ಡ್ ಪಾರ್ಟಿ ಭಾಗಕ್ಕೆ ಮಾತ್ರ ಬೋನಸ್ಸು ತಗಲುವುದಿಲ್ಲ. ಅದು ಸರ್ಕಾರ ಗೊತ್ತುಮಾಡುವ ದರ. 2022ರ ಜೂನ್‌ನಲ್ಲಿ ಸಾವಿರದಿಂದ ಸಾವಿರದೈನೂರು ಸಿಸಿ ಕಾರಿಗೆ 3,416 ರೂಪಾಯಿ ಮಾಡಿದರು. ಹೊಸ ಕಾರಿಗೆ ಅದನ್ನು ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು. ಸುಪ್ರೀಂ ಕೋರ್ಟು ಹೇಳಿದ್ದರಿಂದ 2018ರ ಸೆಪ್ಟೆಂಬರಿನಿಂದ ಹಾಗಾಗಿದೆ.

ಮೇಷ್ಟರು: ಎಂಟು ಸಾವಿರಕ್ಕೆ ನನ್ನ ಪ್ರಾಣ!

ಪತ್ನಿ: ಯಾರೂ ಒತ್ತಾಯ ಮಾಡಿಲ್ಲ. ಹೋಗಲಿ, ನನ್ನ ಪುಣ್ಯವೇ ಇಲ್ಲವೆ? ಹೋದ ವರ್ಷ ಮಾರಿದ ಸ್ಕೂಟರಿನಲ್ಲಿ, ಮುಂದೊಂದು ಹಿಂದೊಂದು ಮೂಟೆ ಇಟ್ಟುಕೊಂಡು, ಹಿಂದೂಪುರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹೊತ್ತು, ಒಂದು ಸಲವೂ ಕಂಪನಿಯ ಬಾಗಿಲು ತಟ್ಟಿದವಳಲ್ಲ. ನನ್ನದೂ ಐವತ್ತಕ್ಕೇ ಮುಟ್ಟಿತ್ತು.

ಏಜೆಂಟ್: ಒಂದೇ ವರ್ಗದ ವಾಹನವಾಗಬೇಕಮ್ಮಾ. ಸ್ಕೂಟರಿನ ಬೋನಸ್ಸು ಸ್ಕೂಟರಿಗೆ, ಕಾರಿನದು ಕಾರಿಗೆ.

ಮೇಷ್ಟರು: ಎರಡು ಚಕ್ರದ ಪುಣ್ಯ ನಾಲ್ಕು ಚಕ್ರಕ್ಕೆ ಸಲ್ಲದು. ವರ್ಣಾಶ್ರಮವನ್ನು ಇಷ್ಟು ನಿಷ್ಠೆಯಿಂದ ಈ ಕಾಲದಲ್ಲಿ ಪಾಲಿಸುತ್ತಿರುವವರು ವಿಮಾ ಕಂಪನಿಯವರೊಬ್ಬರೇ ಎಂದು ತೋರುತ್ತದೆ. ಹಾಗಾದರೆ ಹೊಸ ಕಾರು ನನ್ನ ಹೆಸರಿನಲ್ಲಿಯೇ ಬರಲಿ, ಇವಳು ಓಡಿಸಲಿ.

ಪತ್ನಿ: ಗೂಡು ಮಾರಿದ ದುಡ್ಡು ನನ್ನದು, ಹೆಸರು ಇವರದು! ಆಗಲಿ, ಅದನ್ನು ಆಮೇಲೆ ನೋಡೋಣ. ಮಾರುವುದಕ್ಕೆ ಮುಂಚೆ ಆ ಬಂಪರನ್ನಾದರೂ ಕ್ಲೇಮಿನಲ್ಲಿ ಹಾಕಿಸಿಕೊಡು. ಹುರಿ ಕಟ್ಟಿದ ಕಾರನ್ನು ನನ್ನ ತಮ್ಮನಿಗೆ ಕೊಟ್ಟರೆ ಅವನ ಹೆಂಡತಿ ಏನಂದಾಳು?

ಏಜೆಂಟ್: ಬಂಪರು ಹೇಗೆ ಹೋಯಿತಮ್ಮಾ? ಫಾರಮ್ಮಿನಲ್ಲಿ ಬರೆಯಬೇಕಾಗುತ್ತದೆ.

ಪತ್ನಿ: ನಾನು ರಿವರ್ಸು ಕಲಿಯುತ್ತಿದ್ದೆ. ಇವರು ಪಕ್ಕದಲ್ಲಿ ಕುಳಿತು ‘ಬಾ, ಬಾ, ಇನ್ನೂ ಬಾ’ ಎಂದರು. ಬಂದೆ. ಹುಣಿಸೆಮರ ಮಾತ್ರ ಹೋಗಲಿಲ್ಲ.

ಮೇಷ್ಟರು: ನಾನು ‘ಬಾ’ ಎಂದದ್ದು ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನನಿಗೆ!

ಏಜೆಂಟ್: ಬಂಪರಿಗೆ 4,500 ರೂಪಾಯಿ ಇಟ್ಟುಕೊಳ್ಳಿ. ಪ್ಲಾಸ್ಟಿಕ್ಕಾದ್ದರಿಂದ ಅರ್ಧ ಸವಕಳಿ ಎಂದು ಕಳೆಯುತ್ತಾರೆ, ಉಳಿದದ್ದು 2,250. ಅದರಲ್ಲಿ ಕಡ್ಡಾಯವಾಗಿ ನಾವೇ ಹೊರಬೇಕಾದದ್ದು ಒಂದು ಸಾವಿರ. ಕೈಗೆ ಬರುವುದು 1,250.

ಪತ್ನಿ: ಬರಲಿ. ಬಿಟ್ಟವರುಂಟೆ?

ಏಜೆಂಟ್: ಆದರೆ ಒಂದು ಕ್ಲೇಮಾದರೆ ಬೋನಸ್ಸು ಸೊನ್ನೆ. ಬರುವ ವರ್ಷ 50ರ ಬದಲು ಏನೂ ಇಲ್ಲ, ಎಂಟು ಸಾವಿರ ಹೋಯಿತು. ಅದರ ಮುಂದಿನ ವರ್ಷ 20ಕ್ಕೆ ಬರುತ್ತೇವೆ, 4,800 ಹೋಯಿತು. ಆಮೇಲೆ ನಾಲ್ಕು ಸಾವಿರ, 2,400, 800...

(ಮೇಷ್ಟರು ಹಳೆಯ ಲಗ್ನಪತ್ರಿಕೆಯೊಂದರ ಬೆನ್ನಿನ ಮೇಲೆ ಕೂಡುತ್ತಿದ್ದಾರೆ, ಶಿಷ್ಯನ ಲೆಕ್ಕ ಎಲ್ಲಿಯಾದರೂ ತಪ್ಪೀತೆಂಬ ಆಶೆ ಅವರ ಮುಖದಲ್ಲಿ ಸ್ಪಷ್ಟವಾಗಿದೆ.)

ಮೇಷ್ಟರು: ಒಟ್ಟು ಇಪ್ಪತ್ತು ಸಾವಿರ. ಪ್ರೀಮಿಯಂ ಒಂದೇ ಸಮನೆ ಇದ್ದೀತೆಂದು ಇಟ್ಟುಕೊಂಡರೆ. ಸರಿಯಾಗಿಯೇ ಇದೆ. ಮಗ್ಗಿ ಯಾವಾಗ ಬಂತೋ ನಿನಗೆ?

ಪತ್ನಿ: ಅಂದರೆ ವರ್ಷವರ್ಷವೂ ದುಡ್ಡು ಕಟ್ಟುವುದು, ಕಟ್ಟಿದ ಮೇಲೆ ಕೇಳದಿರುವುದು, ಕೇಳದಿದ್ದುದಕ್ಕೆ ಮುಂದಿನ ವರ್ಷ ಕಡಿಮೆ ಕಟ್ಟುವುದು. ನಾನು ಈ ಮನೆಯಲ್ಲಿ ಮೂವತ್ತು ವರ್ಷದಿಂದ ಮಾಡುತ್ತಿರುವುದು ಅದನ್ನೇ. ರಿಯಾಯಿತಿ ಒಂದು ಕಂಡಿಲ್ಲ.

ಏಜೆಂಟ್: ಕೇಳಿದರೂ ಬೋನಸ್ಸು ಉಳಿಯುವಂತೆ ಮಾಡುವ ಹೆಚ್ಚುವರಿ ರಕ್ಷಣೆಯೂ ಇದೆಯಮ್ಮಾ, ಸ್ವಲ್ಪ ಪ್ರೀಮಿಯಂ ಜಾಸ್ತಿ. ಪ್ಲಾಸ್ಟಿಕ್ಕಿನ ಸವಕಳಿ ಕಳೆಯದಂತೆ ಜೀರೋ ಡೆಪ್ರಿಸಿಯೇಶನ್ ಎಂಬುದು ಇನ್ನೊಂದು. ಓಡಿಸುವವರು ಹೊಸಬರಾದ್ದರಿಂದ ಎರಡನೆಯದನ್ನು ನಾನೇ ಹೇಳುತ್ತೇನೆ, ತೆಗೆದುಕೊಳ್ಳಿ.

ಪತ್ನಿ: ಸರಿ. ಈಗ ಹೆಸರಿನ ಮಾತು. ಕಾರು ನನ್ನ ಹೆಸರಿನಲ್ಲಿ ಬಂದು, ಇವರ ಹೆಸರಿನಲ್ಲಿ ಕಾರೇ ಇಲ್ಲದೆ ಬರೀ ಆ ಸರ್ಟಿಫಿಕೇಟು ಇದ್ದರೆ, ನಾಳೆ ಇವರಿಗೆ ಏನಾದರೂ ಆದ ಪಕ್ಷದಲ್ಲಿ ನನಗೆ ಅದು ಸಲ್ಲುತ್ತದೆಯೆ?

ಏಜೆಂಟ್: ವಾಹನ ನಿಮ್ಮ ಕೈಗೆ ಬಂದರೆ ಮಾತ್ರ ಅದರ ಜೊತೆ ಬೋನಸ್ಸು. ವಾಹನವೇ ಇಲ್ಲದಿದ್ದರೆ ಏನು ಸಲ್ಲೀತಮ್ಮಾ?

ಪತ್ನಿ: ಅಂದರೆ ಕಾರು ಇವರ ಹೆಸರಿನಲ್ಲಿದ್ದರೆ ಮಾತ್ರ ಇವರು ಹೋಗುವುದರಿಂದ ಲಾಭ.

ಮೇಷ್ಟರು: (ಸಟ್ಟನೆ ಎದ್ದು) ಕಾರು ಇವಳ ಹೆಸರಿನಲ್ಲಿಯೇ ಬರತಕ್ಕದ್ದು! ದುಡ್ಡು ಅವಳದು, ಲೈಸೆನ್ಸು ಅವಳದು, ಸೊನ್ನೆಯಿಂದ ಆರಂಭಿಸಿ ಸ್ವಂತ ಪರಿಶ್ರಮದಿಂದ ಐವತ್ತನ್ನು ಮುಟ್ಟಲಿ. ಸ್ತ್ರೀಸ್ವಾತಂತ್ರ್ಯದ ವಿಷಯದಲ್ಲಿ ನಾನು ಎಂದೂ ಹಿಂದೆಗೆದವನಲ್ಲ. ಬರೆದುಕೋ, ಈಗಲೇ ಬರೆದುಕೋ.

ಏಜೆಂಟ್: (ಬರೆಯುತ್ತ) ಆಯಿತು ಸಾರ್. ಡೆಲಿವರಿ ಯಾವತ್ತು?

ಪತ್ನಿ: ಸೋಮವಾರ. ನೇರವಾಗಿ ಹೇಮಾವತಿಗೆ ಹೋಗಿ ಹೆಂಜೇರಪ್ಪನ ಮುಂದೆ ಪೂಜೆ ಮಾಡಿಸಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಆಮೇಲೆ ಮನೆಗೆ.

ಏಜೆಂಟ್: ಇನ್ನೊಂದೇ ಕಾಲಂ ಬಾಕಿ. ಕಾರಿನ ಒಡೆಯರೇ ಓಡಿಸುವಾಗ ಅಪಘಾತದಲ್ಲಿ ಜೀವಹಾನಿಯಾದರೆ ಹದಿನೈದು ಲಕ್ಷದ ಕಡ್ಡಾಯ ವಿಮೆ ಇದೆಯಮ್ಮಾ. ನಾಮಿನಿ ಎಂದು ಸಾರ್ ಹೆಸರನ್ನೇ ಬರೆಯಲೆ?

ಮೇಷ್ಟರು: (ಪುನಃ ಕುಳಿತು) ಹದಿನೈದು ಲಕ್ಷವೆ?

ಪತ್ನಿ: ತಡಿ. ನಾನು ರಿವರ್ಸು ತೆಗೆಯುವಾಗ ಪಕ್ಕದಲ್ಲಿ ಕುಳಿತು ‘ಬಾ, ಬಾ’ ಎನ್ನುವವರು ಇವರೇ. ನಾಮಿನಿಯ ಜಾಗದಲ್ಲಿ ನನ್ನ ತಮ್ಮನ ಹೆಸರು ಬರೆ.