ಏಳುಸುತ್ತಿನ ಕೋಟೆ

ಉಷ್ಣಾಂಶ ಹದಿನೈದಕ್ಕಿಳಿದರೆ ಸಾಕು, ಕಿವಿಗೆ ಮಫ್ಲರ್ ಬಿಗಿದುಕೊಂಡು 'ಈ ವರ್ಷ ಚಳಿ ಜಾಸ್ತಿ ಕಣ್ರೀ' ಎನ್ನುವ ಜನ ನಾವು ಬೆಂಗಳೂರಿನವರು. ಅದೇ ನಾವು ಡಿಸೆಂಬರ್ ಬಂತೆಂದರೆ ರಜೆ ಹೊಂದಿಸಿಕೊಂಡು, ದುಡ್ಡು ಕಟ್ಟಿ, ಉತ್ತರಾಖಂಡದ ಕೇದಾರಕಂಠ ಹತ್ತಲು ಹೊರಡುತ್ತೇವೆ. ಎತ್ತರ ಸುಮಾರು 12,500 ಅಡಿ. ಮುಳ್ಳಯ್ಯನಗಿರಿಯ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಕೆಳಗಿನದನ್ನು ಜೀಪೇ ಹತ್ತಿಸುತ್ತದೆ: ಡೆಹ್ರಾಡೂನಿನಿಂದ ಪುರೋಲಾ, ಮೋರಿ ದಾಟಿ, ಹೊಟ್ಟೆ ತೊಳಸುವ ತಿರುವುಗಳನ್ನೆಲ್ಲ ಮುಗಿಸಿ ಸಾಂಕ್ರಿ ಎಂಬ ಹಳ್ಳಿಯಲ್ಲಿ ಇಳಿಸುತ್ತದೆ. ಮೇಲಿನದು ನಮ್ಮ ಪಾಲಿಗೆ.

"ದುಡ್ಡು ಕೊಟ್ಟು ಚಳಿ ತಿನ್ನೋಕೆ ಅಷ್ಟು ದೂರ ಯಾಕೋ? ಫ್ರಿಜ್ ಬಾಗಿಲು ತೆಕ್ಕೊಂಡು ಕೂತ್ಕೋ" ಎಂದಳು ಅಮ್ಮ. ಬೈಯುತ್ತಲೇ ಸ್ವೆಟರನ್ನೂ ಹೆಣೆದುಕೊಟ್ಟಳು.

ಹಿಮದ ಶಿಖರ ಹತ್ತುವುದೆಂದರೆ ನಡಿಗೆ ಎಂದುಕೊಂಡವರಿದ್ದಾರೆ. ಅಲ್ಲ. ಅದು ಬಟ್ಟೆ ತೊಡುವ, ಬಿಚ್ಚುವ ಕಸುಬು. ನಡುವೆ ಬಿಡುವಾದಾಗ ನಾಲ್ಕು ಹೆಜ್ಜೆ ನಡೆಯುವುದೂ ಉಂಟು. ಥರ್ಮಲ್, ಟೀ ಶರ್ಟ್, ಫ್ಲೀಸ್, ಅಮ್ಮನ ಸ್ವೆಟರ್, ಡೌನ್ ಜಾಕೆಟ್, ವಿಂಡ್‌ಚೀಟರ್, ಎಲ್ಲದರ ಮೇಲೆ ರೇನ್‌ಕೋಟ್. ಚಿತ್ರದುರ್ಗದ ಏಳುಸುತ್ತಿನ ಕೋಟೆಯೊಳಗೆ ಸೇರಿಕೊಂಡ ಮದಕರಿ ನಾಯಕನಂತಾದೆ. ಮೂಗು ತುರಿಸಿಕೊಳ್ಳಲೂ ಕೈ ಮಡಚಲು ಬಾರದು.

ಹತ್ತು ಮಾರು ಏರುವಷ್ಟರಲ್ಲಿ ಒಳಗೆ ಬೆವರಿನ ಹೊಳೆ. "ಬೆವರಬೇಡಿ ಸಾರ್" ಎಂದ ಗೈಡ್, ಅದು ನನ್ನ ಕೈಲಿದೆಯೇನೋ ಎಂಬಂತೆ. ನಡೆಯುವುದನ್ನು ನಿಲ್ಲಿಸಿದೊಡನೆ ಒದ್ದೆ ಬಟ್ಟೆ ಮೈಯ ಕಾವನ್ನೆಲ್ಲ ಹೀರಿ ನಡುಕ ಹುಟ್ಟಿಸುತ್ತದಂತೆ. ಆದ್ದರಿಂದ ನಡೆಯುವಾಗ ಬಿಚ್ಚು, ನಿಂತಾಗ ತೊಡು. ಇದನ್ನು ಹೇಳಿದ ಆ ಹುಡುಗನ ಮೈಮೇಲಿದ್ದುದು ಒಂದು ಸ್ವೆಟರ್, ಕಾಲಿಗೆ ರಬ್ಬರಿನ ಗಮ್‌ಬೂಟು.

ರಾತ್ರಿಯ ಕಥೆ ಬೇರೆ. ಚಳಿಗೆ ಮೊಬೈಲಿನ ಬ್ಯಾಟರಿ ಸೋಲುತ್ತದೆ, ಬಾಟಲಿಯ ನೀರು ಗಟ್ಟಿಯಾಗುತ್ತದೆ, ಒದ್ದೆ ಸಾಕ್ಸು ಹಪ್ಪಳವಾಗುತ್ತದೆ. ಹಾಗಾಗಿ ಇವರೆಲ್ಲರೂ ಸ್ಲೀಪಿಂಗ್ ಬ್ಯಾಗಿನಲ್ಲಿ ನಮ್ಮ ಜೊತೆಗೇ ಮಲಗಬೇಕು. ಹಿಮಾಲಯದಲ್ಲಿ ವೈರಾಗ್ಯ ಬರುತ್ತದೆ ಎನ್ನುತ್ತಾರೆ. ನನಗೆ ನಡುರಾತ್ರಿ ಬಂದದ್ದು ಬೇರೆ. ಎತ್ತರಕ್ಕೆ ಹೋದಾಗ ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಕುಡಿಯಿರೆಂದು ಗೈಡ್ ಕುಡಿಸಿದ್ದ. ಜೊತೆಗೆ, ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತವೆಲ್ಲ ಒಳಕ್ಕೆ ಸರಿದಾಗ, ಮೈಯಲ್ಲಿ ನೀರು ಹೆಚ್ಚಾಯಿತೆಂದು ಬಗೆದು ಮೂತ್ರಪಿಂಡಗಳು ಓವರ್‌ಟೈಮ್ ಶುರುಮಾಡುತ್ತವೆ. ಹೋಗಲೋ ಬೇಡವೋ ಎಂಬ ಧರ್ಮಸಂಕಟದಲ್ಲಿ ಒಂದು ತಾಸು ಕಳೆಯಿತು. ಬ್ಯಾಗಿನ ಜಿಪ್ಪು, ಟೆಂಟಿನ ಜಿಪ್ಪು, ಆಮೇಲೆ ನನ್ನವೇ ಜಿಪ್ಪುಗಳು. ಹೊರಗೆ ಆಕಾಶ ತುಂಬ ನಕ್ಷತ್ರಗಳಿದ್ದವಂತೆ. ನಾನು ತಲೆ ಎತ್ತಲಿಲ್ಲ.

ಬೆಳಗಿನ ಜಾವ ಮೂರಕ್ಕೇ ಎಬ್ಬಿಸಿದರು. ಹಣೆಗೆ ದೀಪ, ಬೂಟಿಗೆ ಮುಳ್ಳಿನ ಸರಪಳಿ. ಮಂಗಳೂರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಮೂರನೇ ಎರಡು ಪಾಲೂ ತುದಿಯ ಹತ್ತಿರ ಸಿಗುವುದಿಲ್ಲ. ಮಾತೆಲ್ಲ ತಾನಾಗಿಯೇ ನಿಂತಿತು.

ತುದಿಯಲ್ಲಿ ತ್ರಿಶೂಲ, ಎದುರಿಗೆ ಸ್ವರ್ಗಾರೋಹಿಣಿ. ಪಾಂಡವರು ಸ್ವರ್ಗಕ್ಕೆ ಹೊರಟ ದಾರಿ ಅದೇ ಎನ್ನುತ್ತಾರೆ. ಅವರು ಹೊರಟದ್ದು ನಾರುಮಡಿಯಲ್ಲಿ. ದ್ರೌಪದಿಯಿಂದ ಹಿಡಿದು ಭೀಮನವರೆಗೆ ಒಬ್ಬೊಬ್ಬರು ಬಿದ್ದಾಗಲೂ ಧರ್ಮರಾಯ ಒಂದೊಂದು ದೋಷ ಎಣಿಸಿದ: ನಕುಲನಿಗೆ ರೂಪದ ಗರ್ವ, ಭೀಮನಿಗೆ ಹೊಟ್ಟೆಬಾಕತನ, ಹೀಗೆ. ನಾರುಮಡಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನನಗೆ ಬಂತು.

ಕೊನೆಯವರೆಗೂ ಉಳಿದದ್ದು ನಾಯಿ. ನಮ್ಮ ಹಿಂದೆಯೂ ಸಾಂಕ್ರಿಯಿಂದ ಒಂದು ಬಂದಿತ್ತು, ಹುಟ್ಟುವಾಗ ತೊಟ್ಟ ಒಂದೇ ಕೋಟಿನಲ್ಲಿ. ಧರ್ಮಪರೀಕ್ಷೆಗೆಂದೇ ಬಂದಂತೆ ನನ್ನ ಮುಖ ನೋಡಿತು. ಚಿಕ್ಕಿ ಇತ್ತು, ಕೊಡುವ ಮನಸ್ಸೂ ಇತ್ತು. ಏಳು ಸುತ್ತಿನಲ್ಲಿ ಯಾವ ಸುತ್ತಿನ ಜೇಬಿನಲ್ಲಿದೆಯೆಂದು ಹುಡುಕುವಷ್ಟರಲ್ಲಿ ಧರ್ಮದೇವತೆಗೆ ತಾಳ್ಮೆ ಕೆಟ್ಟು, ಪಕ್ಕದ ತಂಡದವರ ಪರಾಠದ ಕಡೆ ನಡೆಯಿತು.